ಕುಲುಮೆಯ ಮುಂದೆ ಬೆವರದ ಮನುಷ್ಯ

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನ ಹತ್ತಿರ ಬಂದು ಏನಾದರೂ ಹೇಳಿಕೊಡಿ ಎಂದರೆ ನಾನು ಮೊದಲು ಹೇಳುವುದು ಒಂದೇ ಮಾತು: ರೋಗಿಯ ಬಾಯಿ ತೆರೆಸಿ ನೋಡಿ. ಅವರು ನಗುತ್ತಾರೆ. ಈಗ ಥೈರಾಯ್ಡ್ ಪರೀಕ್ಷೆ ಎಂದರೆ ತೋಳಿನಿಂದ ಒಂದಿಷ್ಟು ರಕ್ತ ಎಳೆಯುವುದು. ಬಾಯಿಗೂ ಅದಕ್ಕೂ ಏನು ಸಂಬಂಧ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಇದ್ದ ಸಂಬಂಧವೆಲ್ಲ ಬಾಯಿಯದೇ. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ನಾನು ಉಸಿರು ಅಳೆದು ಹೇಳುತ್ತಿದ್ದೆ. ಶಿವಮೊಗ್ಗದಲ್ಲಿ ಆ ಮಿಷನ್ನು ಓಡಿಸುತ್ತಿದ್ದವನು ನಾನೊಬ್ಬನೇ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಬೇರೆ ಯಾರಾದರೂ ಇದ್ದಿದ್ದರೆ ಇಷ್ಟು ಹೊತ್ತಿಗೆ ಬಂದು ಜಗಳ ಆಡುತ್ತಿದ್ದರು.

ನಾನು ಓದಿದ್ದು ಕಡಿಮೆ. ಮಿಡ್ಲ್ ಸ್ಕೂಲು ಮುಗಿಯುವ ಮೊದಲೇ ಅಪ್ಪ ತೀರಿಕೊಂಡರು. ಗಾಂಧಿಬಜಾರಿನ ಹತ್ತಿರ ಒಂದು ಗೋಲಿಸೋಡಾ ಅಂಗಡಿಗೆ ಸೇರಿಕೊಂಡೆ. ಬಾಟ್ಲಿ ತೊಳೆಯುವುದರಿಂದ ಶುರುಮಾಡಿ ಗ್ಯಾಸಿನ ಸಿಲಿಂಡರಿನ ತನಕ ಬಂದೆ. ಪೈಪಿನಲ್ಲಿ ಎಲ್ಲಾದರೂ ಗ್ಯಾಸು ಸೋರಿದರೆ ಸೋಡಾಕ್ಕೆ ಜೋರು ಇರುವುದಿಲ್ಲ. ಹಾಗಾಗಿ ಸೋರುವ ಜಾಗ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಡಾಕ್ಟರ್ ಸದಾಶಿವಯ್ಯನವರು ನಮ್ಮ ಅಂಗಡಿಗೆ ನಿಂಬೆಸೋಡಾ ಕುಡಿಯಲು ಬರುತ್ತಿದ್ದರು. ಮದರಾಸಿನಲ್ಲಿ ಓದಿ ಬಂದು ನಮ್ಮೂರಲ್ಲಿ ಸ್ವಂತ ಆಸ್ಪತ್ರೆ ಇಟ್ಟವರು. ಒಂದು ದಿನ ನಾನು ಪೈಪಿಗೆ ಸಾಬೂನಿನ ನೊರೆ ಹಚ್ಚುತ್ತಿರುವುದನ್ನು ನೋಡಿ ಲೋಟ ಹಿಡಿದುಕೊಂಡೇ ಹತ್ತಿರ ಬಂದರು.

"ಏನಯ್ಯಾ ಇದು, ಪೈಪಿಗೆ ಕ್ಷೌರಾನಾ?"

"ಸೋರೋದು ಹುಡುಕ್ತಿದೀನಿ ಸಾರ್. ಸೋರೋ ಕಡೆ ಗುಳ್ಳೆ ಏಳುತ್ತೆ."

"ಗ್ಯಾಸಿನ ಕೆಲಸಕ್ಕೆ ಒಬ್ಬ ಬೇಕು ನನಗೆ. ಆಸ್ಪತ್ರೆಗೆ ಬರ್ತೀಯಾ?"

"ನನಗೆ ಇಂಗ್ಲಿಷ್ ಬರಲ್ಲ ಸಾರ್."

"ಮಿಷನ್ನಿಗೂ ಬರಲ್ಲ ಕಣಯ್ಯ. ಬಾ."

ಹೀಗೆ ಬಸವರಾಜನೆಂಬ ನಾನು ಮಿಷನ್ ಬಸಣ್ಣ ಆದೆ. ಆಮೇಲೆ ಊರಿನವರು ನನ್ನ ನಿಜವಾದ ಹೆಸರು ಮರೆತೇಬಿಟ್ಟರು.

ಅದರ ಹೆಸರು ಬಿ.ಎಂ.ಆರ್. ಮಿಷನ್ನು. ಮನುಷ್ಯ ಏನೂ ತಿನ್ನದೆ, ಅಲುಗಾಡದೆ, ಸುಮ್ಮನೆ ಮಲಗಿರುವಾಗ ಬದುಕಿರುವುದಕ್ಕೆ ಮಾತ್ರ ಎಷ್ಟು ಆಮ್ಲಜನಕ ಖರ್ಚು ಮಾಡುತ್ತಾನೆ ಎಂದು ಅಳೆಯುವ ಯಂತ್ರ. ಒಂದು ಡಬ್ಬದಲ್ಲಿ ನೀರು. ಆ ನೀರಿನಲ್ಲಿ ಕೊಳಗವನ್ನು ಬೋರಲು ಹಾಕಿದ ಹಾಗೆ ತೇಲುವ ಒಂದು ತಗಡಿನ ಪಾತ್ರೆ. ಪಾತ್ರೆಯೊಳಗೆ ಆಮ್ಲಜನಕ ತುಂಬುತ್ತಿದ್ದೆ. ರೋಗಿಯ ಮೂಗಿಗೆ ಕ್ಲಿಪ್ಪು, ಬಾಯಿಗೆ ರಬ್ಬರಿನ ತುಂಡು. ಅವನು ಆ ಆಮ್ಲಜನಕವನ್ನೇ ಒಳಗೆ ಎಳೆದುಕೊಂಡು ಅದರೊಳಗೇ ಬಿಡಬೇಕು. ಬಿಟ್ಟ ಕೆಟ್ಟ ಗಾಳಿಯನ್ನು ಮಧ್ಯದಲ್ಲಿ ಸೋಡಾ ಲೈಮ್ ಎಂಬ ಬಿಳಿ ಹರಳುಗಳು ಹೀರಿಕೊಳ್ಳುತ್ತವೆ. ಮೈಗೆ ಖರ್ಚಾದಷ್ಟು ಆಮ್ಲಜನಕ ಕಡಿಮೆಯಾಗಿ ಕೊಳಗ ನೀರಿನೊಳಗೆ ಇಳಿಯುತ್ತದೆ. ಕೊಳಗಕ್ಕೆ ರಾಟೆಯ ಮೇಲಿಂದ ದಾರ ಕಟ್ಟಿದ ಪೆನ್ನು, ತಿರುಗುವ ಉರುಳೆಯ ಕಾಗದದ ಮೇಲೆ ಗೆರೆ ಎಳೆಯುತ್ತಾ ಮೇಲಕ್ಕೆ ಏರುತ್ತದೆ. ಖರ್ಚು ಹೆಚ್ಚಾದರೆ ಗೆರೆ ಕಡಿದಾದ ಏರು. ಖರ್ಚು ಕಡಿಮೆಯಾದರೆ ಗೆರೆ ಮಲಗಿಬಿಡುತ್ತದೆ.

ಮೊದಮೊದಲು ಜನ ಬಹಳ ಹೆದರುತ್ತಿದ್ದರು. "ಒಳಗಿನ ಉಸಿರೆಲ್ಲ ಎಳ್ಕೊಂಡುಬಿಟ್ರೆ ಏನು ಗತಿ ಬಸಣ್ಣ?" ಎಂದು ಒಬ್ಬಳು ಅಜ್ಜಿ ಮಂಚ ಹತ್ತಲು ಒಪ್ಪಲೇ ಇಲ್ಲ. ಹೆದರಿದರೆ ಎದೆ ಹೊಡೆದುಕೊಂಡು ಖರ್ಚು ಏರುತ್ತದೆ, ಅಳತೆ ಕೆಡುತ್ತದೆ. ಅದಕ್ಕೆ ನಾನೇ ಮೊದಲು ಮಲಗಿ ಉಸಿರಾಡಿ ತೋರಿಸುತ್ತಿದ್ದೆ. ಎದ್ದು ಕೂತು, "ನೋಡಿ, ನನ್ನ ಉಸಿರು ನನ್ನ ಹತ್ರಾನೇ ಇದೆ" ಎಂದರೆ ನಗುತ್ತಿದ್ದರು. ನಕ್ಕ ಮೇಲೆ ಮೈ ಸಡಿಲವಾಗುತ್ತಿತ್ತು. ಇದನ್ನು ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ. ನಾನು ಕಂಡುಹಿಡಿದದ್ದು.

ಎಡವಟ್ಟೂ ಆಗಿವೆ. ಒಮ್ಮೆ ಹರಳುಗಳು ಹಳತಾಗಿದ್ದನ್ನು ಗಮನಿಸದೆ ಒಬ್ಬ ವಕೀಲರನ್ನು ಮಲಗಿಸಿದೆ. ಕೆಟ್ಟ ಗಾಳಿ ಒಳಗೇ ಸುತ್ತಿ ಅವರು ಗುಡ್ಡ ಹತ್ತಿದವರ ಹಾಗೆ ಏದುಸಿರು ಬಿಟ್ಟು, ರಬ್ಬರು ಕಿತ್ತೆಸೆದು, ನನ್ನ ಮೇಲೆ ಯಾವ ಯಾವ ಕಲಂ ಹಾಕಬಹುದು ಎಂದು ಮಂಚದ ಮೇಲಿಂದಲೇ ಹೇಳಿದರು. ಡಾಕ್ಟರು ಕೋಪಿಷ್ಠರು. ಬಾಗಿಲು ಮುಚ್ಚಿ ಬೈದರು. ಆದರೆ ಬೈದು ಮುಗಿಸಿದ ಕೂಡಲೇ ಎದುರಿನ ಕುರ್ಚಿಯಲ್ಲಿ ಕೂರಿಸಿ ಪಾಠ ಹೇಳುತ್ತಿದ್ದರು. ನನ್ನ ವಿದ್ಯೆಯೆಲ್ಲ ಹಾಗೆ ಬೈಗುಳದ ಹಿಂದೆಯೇ ಬಂದದ್ದು.

ಕತ್ತಿನಲ್ಲಿ ಚಿಟ್ಟೆಯ ಆಕಾರದ ಗ್ರಂಥಿ ಇದೆ, ಅದು ಹಾರ್ಮೋನು ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ, ಆ ರಸ ಮೈಯ ಮೂಲೆಮೂಲೆಗೆ ಹೋಗಿ ಒಂದೊಂದು ಜೀವಕೋಶದಲ್ಲಿಯೂ ಉರಿ ಎಷ್ಟಿರಬೇಕು ಎಂದು ಹೇಳುತ್ತದೆ ಎಂದು ಕಲಿಸಿದರು. ಹೊಳೆಹೊನ್ನೂರಿನಿಂದ ಒಬ್ಬ ಹೆಂಗಸು ಬಂದಿದ್ದಳು. ಎಷ್ಟು ಉಂಡರೂ ಮೈ ಸವೆಯುತ್ತಿತ್ತು, ಕೈ ನಡುಗುತ್ತಿತ್ತು, ಮಾಗಿಯ ಚಳಿಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು. ಅವಳ ಗೆರೆ ಏಣಿ ಇಟ್ಟ ಹಾಗೆ ಏರಿತು. ಅದು ರಸ ಹೆಚ್ಚಾದವರ ಕಥೆ. ರಸ ಕಡಿಮೆಯಾದರೆ ಏನಾಗುತ್ತದೆ ಎಂದು ಕಣ್ಣಾರೆ ಕಂಡದ್ದು ಭದ್ರಾವತಿಯ ಹನುಮಂತಪ್ಪನಲ್ಲಿ. ಅವನ ಕಥೆ ಹೇಳಲಿಕ್ಕೆಂದೇ ಇಷ್ಟು ಪೀಠಿಕೆ.

ಭದ್ರಾವತಿಯಲ್ಲಿ ವೀರಭದ್ರಪ್ಪ ಸಾವ್ಕಾರರು ಒಂದು ಸಣ್ಣ ಫೌಂಡ್ರಿ ನಡೆಸುತ್ತಿದ್ದರು. ಕಬ್ಬಿಣ ಕರಗಿಸಿ, ಅಚ್ಚಿಗೆ ಎರೆದು, ಕಬ್ಬಿನ ಗಾಣದ ಉರುಳೆಗಳನ್ನು ಮಾಡುವ ಕಾರ್ಖಾನೆ. ಅಲ್ಲಿ ಕುಲುಮೆಯ ಮೇಸ್ತ್ರಿ ಹನುಮಂತಪ್ಪ. ದೀಪಾವಳಿ ಕಳೆದ ಹೊಸತು. ಒಂದು ಬೆಳಿಗ್ಗೆ ಸಾವ್ಕಾರರು ತಮ್ಮ ವ್ಯಾನಿನಲ್ಲಿ ಅವನನ್ನು ಕರೆದುಕೊಂಡು ಬಂದರು. ಆಳು ಎತ್ತರ, ಆದರೆ ಮುಖ ಊದಿತ್ತು, ಕಣ್ಣಿನ ರೆಪ್ಪೆ ಅರ್ಧ ಮುಚ್ಚಿತ್ತು, ಚರ್ಮ ಒಣಗಿ ಬಿಳಿಚಿಕೊಂಡಿತ್ತು. ಮೈಮೇಲೆ ಕಂಬಳಿ.

"ಡಾಕ್ಟ್ರೇ, ಇವನು ಕುಡೀತಾನೋ ಇಲ್ವೋ ಹೇಳಿಬಿಡಿ, ಸಾಕು" ಎಂದರು ಸಾವ್ಕಾರರು, ಕೂರುವ ಮೊದಲೇ.

"ಕುಡಿಯಲ್ಲ ಸ್ವಾಮಿ" ಎಂದ ಹನುಮಂತಪ್ಪ. ಧ್ವನಿ ಬಾವಿಯ ತಳದಿಂದ ಬಂದ ಹಾಗೆ. ನಾಲಿಗೆ ದಪ್ಪ. ಕೇಳಿದವರು ಯಾರಾದರೂ ಕುಡಿದಿದ್ದಾನೆ ಎಂದೇ ಅಂದುಕೊಳ್ಳಬೇಕು.

"ಕೇಳಿದ್ರಲ್ಲ? ಇದು ಮಾತಾಡೋ ಧಾಟಿನಾ? ಮೊನ್ನೆ ಕುಲುಮೆ ಬಾಯಿ ಮುಚ್ಚಬೇಕಾದ ಹೊತ್ತಿಗೆ ಮಣ್ಣಿನ ಉಂಡೆ ಕೈಲಿ ಹಿಡ್ಕೊಂಡು ಹಂಗೇ ನಿಂತಿದ್ದ. ಕರಗಿದ ಕಬ್ಬಿಣದ ರಸ ನೆಲದ ಮೇಲೆ ಹರೀತು. ಯಾರ ಕಾಲಿನ ಮೇಲಾದ್ರೂ ಬಿದ್ದಿದ್ರೆ? ಇನ್ನೊಂದು ಹೇಳ್ತೀನಿ ಕೇಳಿ. ಕುಲುಮೆ ಮುಂದೆ ನಿಂತು ಎಲ್ಲರ ಅಂಗಿ ತೊಪ್ಪೆ ಆಗಿರುತ್ತೆ. ಇವನ ಅಂಗಿ ಒಣಕಲು! ಕುಲುಮೆ ಮುಂದೆ ನಿಂತೋನು ಬೆವರಲಿಲ್ಲ ಅಂದ್ರೆ ಅವನು ಕೆಲಸ ಮಾಡಿಲ್ಲ ಅಂತಾನೇ ಅರ್ಥ. ಮೇಲಿಂದ ಕಂಬಳಿ ಬೇರೆ!"

"ಚಳಿ ಆಗ್ತದೆ ಸಾವ್ಕಾರ್ರೇ" ಎಂದ ಹನುಮಂತಪ್ಪ, ನೆಲ ನೋಡುತ್ತಾ.

ದೊಡ್ಡ ಆಳು ತಲೆ ತಗ್ಗಿಸಿ ನಿಂತದ್ದನ್ನು ನೋಡಲು ಆಗುವುದಿಲ್ಲ. ಡಾಕ್ಟರು ಅವನನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲಿನ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಸಾಮಾನ್ಯರ ಪಾದ ಟಕ್ಕೆಂದು ಹಾರಿ ಟಕ್ಕೆಂದು ಮರಳುತ್ತದೆ. ಇವನ ಪಾದ ಹಾರಿತು, ಆದರೆ ಮುದಿ ಎತ್ತು ಮಲಗುವ ಹಾಗೆ ನಿಧಾನವಾಗಿ, ಬಹಳ ನಿಧಾನವಾಗಿ ಕೆಳಗಿಳಿಯಿತು. ಡಾಕ್ಟರು ನನ್ನ ಕಡೆ ನೋಡಿ ಹುಬ್ಬು ಏರಿಸಿದರು. "ಬೆಳಿಗ್ಗೆಯಿಂದ ಏನೂ ತಿಂದಿಲ್ವಲ್ಲ? ಮಲಗಿಸು ಬಸವರಾಜು."

ಅವನು ತಣ್ಣೀರು ಸಹ ಮುಟ್ಟಿಲ್ಲ ಎಂದು ಆಣೆ ಇಟ್ಟ. ಚೆನ್ನಾಗಿ ವಿಶ್ರಾಂತಿ ಕೊಟ್ಟು ಮಿಷನ್ನು ಹಾಕಿದೆ. ಗೆರೆ ಮಲಗುತ್ತದೆ ಎಂದು ಕಾದರೆ ಅದು ಮಲಗಲಿಲ್ಲ. ನನ್ನ ನಿಮ್ಮ ಗೆರೆಯ ಹಾಗೆಯೇ ಏರಿತು.

"ಸುತ್ತಿಗೆ ಒಂದು ಹೇಳುತ್ತೆ, ಮಿಷನ್ ಒಂದು ಹೇಳುತ್ತೆ" ಎಂದು ಡಾಕ್ಟರು ಗಲ್ಲ ಕೆರೆದುಕೊಂಡರು. "ಪೈಪು ನೋಡಿದ್ಯಾ?"

"ನೊರೆ ಹಚ್ಚಿ ನೋಡಿದೀನಿ ಸಾರ್. ಒಂದು ಗುಳ್ಳೆ ಇಲ್ಲ."

ಸಾವ್ಕಾರರಿಗೆ ಅಷ್ಟೇ ಸಾಕಾಯಿತು. "ಅಂದ್ರೆ ರೋಗ ಇಲ್ಲ. ಬರ್ತೀನಿ ಡಾಕ್ಟ್ರೇ. ನಾಳೆಯಿಂದ ಬೇರೆ ಮೇಸ್ತ್ರಿ ನೋಡ್ಕೋತೀನಿ" ಎಂದು ಎದ್ದರು. ಹನುಮಂತಪ್ಪ ಕಂಬಳಿ ಸರಿಮಾಡಿಕೊಂಡು ಅವರ ಹಿಂದೆ ಹೋದ. ಆ ಕೆಲಸ ಹೋದರೆ ಅವನಿಗೆ ಇನ್ನೊಂದು ಸಿಗುತ್ತಿರಲಿಲ್ಲ. ಕುಡುಕ ಮೇಸ್ತ್ರಿ ಎಂದು ಹೆಸರು ಬಿದ್ದವನನ್ನು ಭದ್ರಾವತಿಯ ಯಾವ ಕುಲುಮೆಯ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ.

ನಾನು ಮಿಷನ್ನಿನ ಬಾಯಿತುಂಡನ್ನು ತೊಳೆಯಲು ನಲ್ಲಿಗೆ ಹಿಡಿದೆ. ನೀರು ಕೆಂಪಾಯಿತು.

ಒಂದು ಕ್ಷಣ ರಕ್ತ ಎಂದೇ ಅಂದುಕೊಂಡೆ. ಮೂಗಿನ ಹತ್ತಿರ ಹಿಡಿದೆ. ನಮ್ಮ ಸೀಮೆಯವನಿಗೆ ಆ ವಾಸನೆ ಹೇಳಿಕೊಡಬೇಕಾಗಿಲ್ಲ. ಹಸಿ ಅಡಿಕೆ! ಎಲೆ, ಸುಣ್ಣ ಎಲ್ಲ ಸೇರಿದ ರಸ!

ಬಿಳಿ ಕೋಟಿನಲ್ಲೇ ಬೀದಿಗೆ ಓಡಿದೆ. ಸಾವ್ಕಾರರು ಮೂಲೆಯ ಹೋಟೆಲಿನ ಮುಂದೆ ಕಾಫಿ ಕುಡಿಯುತ್ತಿದ್ದರು. ಹನುಮಂತಪ್ಪ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದ.

"ಬಾಯಿ ತೆಗಿ!" ಎಂದು ಕೂಗಿದೆ.

ಅವನು ನಿಧಾನವಾಗಿ ನನ್ನನ್ನು ನೋಡಿದ. ಸುತ್ತ ಜನ ಸೇರಿದರು. "ಯಾಕೆ ಮಾರಾಯ, ಹಲ್ಲು ಕೀಳ್ತೀಯಾ?" ಎಂದು ಯಾರೋ ನಕ್ಕರು. ಅವನು ಬಾಯಿ ತೆರೆದ. ಎಡದವಡೆಯಲ್ಲಿ ನೆಲ್ಲಿಕಾಯಿ ಗಾತ್ರದ ಉಂಡೆ.

"ಏನೂ ತಿಂದಿಲ್ಲ ಅಂತ ಆಣೆ ಇಟ್ಯಲ್ಲೋ!"

"ಇದೇನು ಊಟಾನಾ ಅಣ್ಣ? ಚಳಿಗೆ ಇಟ್ಕೊಂಡಿರೋದು. ಹಸಿ ಅಡಿಕೆ ದವಡೇಲಿದ್ರೆ ಮೈ ಒಂಚೂರು ಬೆಚ್ಚಗಿರ್ತದೆ. ಮಲಗೋವಾಗ್ಲೂ ಇಟ್ಕೊಂಡೇ ಮಲಗ್ತೀನಿ."

ಅಲ್ಲೇ ನನಗೆ ಎಲ್ಲ ಬಿಡಿಸಿಕೊಂಡಿತು. ಹೊಸಬರಿಗೆ ಹಸಿ ಅಡಿಕೆ ಹಾಕಿಸಿ ನೋಡಿ. ಎದೆ ಡವಗುಟ್ಟುತ್ತದೆ, ಮೈ ಬಿಸಿಯೇರುತ್ತದೆ, ಆಮ್ಲಜನಕದ ಖರ್ಚೂ ಏರುತ್ತದೆ. ಜೊತೆಗೆ ದವಡೆ ಉಬ್ಬಿದ್ದರಿಂದ ರಬ್ಬರಿನ ಸುತ್ತ ತುಟಿ ಸರಿಯಾಗಿ ಕೂತಿರಲಿಲ್ಲ. ಅಲ್ಲಿಂದಲೂ ಆಮ್ಲಜನಕ ಸೋರಿ ಕೊಳಗ ಬೇಗ ಇಳಿದಿತ್ತು. ಸೋರಿದ್ದನ್ನೂ ಮೈಯ ಖರ್ಚು ಎಂದೇ ಪೆನ್ನು ಬರೆದಿತ್ತು. ನಾನು ನೊರೆ ಹಚ್ಚಿದ್ದು ಪೈಪಿಗೆ, ಮನುಷ್ಯನ ತುಟಿಗಲ್ಲ! ರೋಗದ ಚಳಿಗೆ ಅವನು ತಾನೇ ಮಾಡಿಕೊಂಡ ಔಷಧಿಯೇ ರೋಗವನ್ನು ಮುಚ್ಚಿಟ್ಟಿತ್ತು.

"ಸಾವ್ಕಾರ್ರೇ, ಒಂದು ರಾತ್ರಿ ಇವನನ್ನ ನಮ್ಮ ಹತ್ರ ಬಿಡಿ. ನಾಳೆ ಬೆಳಿಗ್ಗೆ ಅಡಿಕೆ ಇಲ್ಲದೆ ಅಳೆದು ತೋರಿಸ್ತೀನಿ" ಎಂದೆ.

ಸಾವ್ಕಾರರು ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದರು. "ನೀನು ಸೋಡಾ ಅಂಗಡೀಲಿ ಇದ್ದೋನಲ್ವಾ?"

"ಹೌದು. ಅಲ್ಲೂ ಗ್ಯಾಸಿನ ಕೆಲಸವೇ ಮಾಡ್ತಿದ್ದೆ."

ಅವರಿಗೆ ನಗು ಬಂತು. ಅವನನ್ನು ನಮ್ಮ ಹತ್ತಿರ ಬಿಟ್ಟು ಹೋದರು.

ಮರುದಿನ ಹನುಮಂತಪ್ಪನ ಹೆಂಡತಿ ಗೌರಮ್ಮನೂ ಬಸ್ಸಿನಲ್ಲಿ ಬಂದಿದ್ದಳು. ಅವನಿಗೆ ಬಾಯಿ ಮುಕ್ಕಳಿಸಲು ಹೇಳಿ, ದೀಪ ಹಿಡಿದು ನೋಡಿ, ಆಮೇಲೆ ಮಲಗಿಸಿದೆ. ಈ ಸಲ ಗೆರೆ ಭದ್ರಾ ಬಯಲಿನ ಗದ್ದೆಯ ಹಾಗೆ ಮಲಗಿತು. ಡಾಕ್ಟರು ಕಾಗದ ನೋಡಿ ಮೇಜು ಗುದ್ದಿದರು. ಆ ಗುದ್ದು ಕೋಪದ್ದಲ್ಲ.

"ನೋಡಮ್ಮ, ನಿನ್ನ ಗಂಡ ಕುಡುಕನೂ ಅಲ್ಲ, ಸೋಮಾರಿನೂ ಅಲ್ಲ. ಕತ್ತಿನ ಗ್ರಂಥಿ ಮಲಗಿದೆ. ಮೈಯೊಳಗಿನ ಕುಲುಮೆ ಆರಿದೆ. ಹೊರಗಿನ ಕುಲುಮೆ ಎಷ್ಟು ಉರಿದ್ರೂ ಅವನಿಗೆ ಚಳೀನೇ."

ಗೌರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಮ್ಮತ್ತೆ ಇವರಿಗೆ ಯಾರೋ ಮಾಟ ಮಾಡಿಸಿದಾರೆ ಅಂತಿದ್ರು. ನಾನು ಕುಡಿತಾನೇ ಇರ್ಬೇಕು ಅಂದ್ಕೊಂಡು ಇವರ ಬಾಯಿ ಮೂಸಿ ನೋಡ್ತಿದ್ದೆ ಸ್ವಾಮಿ."

ಈ ರೋಗಕ್ಕೆ ಕೊಡುವ ಮಾತ್ರೆ ಎಂದರೆ ಪ್ರಾಣಿಯ ಅದೇ ಗ್ರಂಥಿಯನ್ನು ಒಣಗಿಸಿ ಪುಡಿ ಮಾಡಿದ್ದು. ಅದನ್ನು ಹೇಳದೆ ಕೊಡಬಾರದು ಎಂಬುದು ಡಾಕ್ಟರ ನಿಯಮ. ಕೇಳಿ ಗೌರಮ್ಮ ಅಂದಳು, "ಅಷ್ಟೇನಾ? ಹಬ್ಬಕ್ಕೆ ತಲೆಮಾಂಸಾನೇ ತಿನ್ನಲ್ವಾ, ಕತ್ತು ಏನು ಮಹಾ."

ಡಾಕ್ಟರು ಸಾವ್ಕಾರರಿಗೆ ಹೇಳಿಕಳಿಸಿದರು. ಅವರು ಒಪ್ಪಿದರು, ಆದರೆ ವ್ಯಾಪಾರಿಯ ಹಾಗೆ ಒಪ್ಪಿದರು. ಸಂಕ್ರಾಂತಿಗೆ ಮೊದಲು ಆಲೆಮನೆಯವರಿಗೆ ದೊಡ್ಡ ಗಾಣದ ಉರುಳೆ ಎರೆದು ಕೊಡಬೇಕು. ಅಲ್ಲಿಯ ತನಕ ಹನುಮಂತಪ್ಪ ಗೇಟಿನ ಹತ್ತಿರ ಕೂರಲಿ. ಉರುಳೆ ಎರೆಯುವ ದಿನ ಕುಲುಮೆಯ ಮುಂದೆ ನಿಲ್ಲಲಿ. ಆಗಲೂ ಮೊದಲಿನ ಹಾಗೆಯೇ ಇದ್ದರೆ ಅಂದೇ ಕೊನೆ.

ಮಾತ್ರೆ ಶುರುವಾಯಿತು. ಮೊದಲ ವಾರ ಏನೂ ಆಗಲಿಲ್ಲ. ಆಮೇಲೆ ಮತ್ತೆ ಅಳೆದಾಗಲೂ ಗೆರೆ ಮೇಲೇಳಲಿಲ್ಲ. ಗೇಟಿನಲ್ಲಿ ಕೂತವನನ್ನು ಜೊತೆಯವರು "ಕಂಬಳಿ ಮೇಸ್ತ್ರಿ" ಎಂದು ಕರೆಯುತ್ತಿದ್ದರಂತೆ. ಹನುಮಂತಪ್ಪ ಮಾತ್ರೆಯ ಶೀಶೆಯನ್ನು ಮೇಜಿನ ಮೇಲಿಟ್ಟ.

"ಸ್ವಾಮಿ, ಬೆಂಕಿಗೆ ಗಾಳಿ ಊದಿದ್ರೆ ಆಗಿಂದಾಗ್ಲೇ ಉರೀತದೆ. ಇದು ಯಾಕೆ ಹತ್ಕೊಳ್ತಿಲ್ಲ? ಶೀಶೇಲಿರೋದನ್ನೆಲ್ಲ ಒಟ್ಟಿಗೆ ನುಂಗಿಬಿಡ್ಲಾ?"

ನನಗೂ ಅದೇ ಅನುಮಾನ ಇತ್ತು. ಹಿಂದೆ ಡಾಕ್ಟರು ಹೇಳಿಕೊಟ್ಟದ್ದು, ಈ ಹಾರ್ಮೋನು ಜೀವಕೋಶದ ಉರಿಗೆ ನೇರವಾಗಿ ತಿದಿ ಊದುತ್ತದೆ ಎಂದೇ. ಅವತ್ತು ಅವರು ತಮ್ಮ ಹೊಸ ವೈದ್ಯಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿ, ಒಂದು ಚೀಟಿಯ ಹಿಂದೆ ಮೊಟ್ಟೆಯ ಹಾಗೆ ಚಿತ್ರ ಬರೆದರು, ಮಧ್ಯದಲ್ಲಿ ಹಳದಿಯ ಹಾಗೆ ಇನ್ನೊಂದು ಸುತ್ತು.

"ನಾವೂ ಗಾಳಿ ಊದೋ ಹಾಗೆ ಅಂತಾನೇ ಓದಿದ್ವಿ. ಈಗ ಬೇರೆ ಹೇಳ್ತಿದಾರೆ. ಇದು ಒಂದು ಜೀವಕೋಶ. ಮಧ್ಯದಲ್ಲಿರೋದು ಅದರ ಕೇಂದ್ರ. ಹಾರ್ಮೋನು ಬಂದು ನೇರ ಒಲೆ ಹತ್ರ ಹೋಗಲ್ಲ. ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತೆ. ಇಂಥಿಂಥ ಹೊಸ ಸಾಮಾನು ತಯಾರಾಗ್ಲಿ ಅಂತ ಅಲ್ಲಿಂದ ಹೇಳಿಕೆ ಹೊರಡಬೇಕು. ಆ ಸಾಮಾನು ತಯಾರಾಗಬೇಕು. ಆಮೇಲೆ ಉರಿ ಏರೋದು."

ಹನುಮಂತಪ್ಪ ಚಿತ್ರವನ್ನೇ ನೋಡುತ್ತಿದ್ದ. ಅವನ ನಿಧಾನದ ತಲೆಯಲ್ಲಿ ಮಾತು ಇಳಿಯುವ ತನಕ ನಾವಿಬ್ಬರೂ ಸುಮ್ಮನೆ ಕಾದೆವು.

"ಅಂದ್ರೆ, ಆಫೀಸಿಗೆ ಆರ್ಡರ್ ಬಂದ ಹಂಗೆ" ಎಂದ. "ಆರ್ಡರ್ ಬಂದ ಕೂಡ್ಲೇ ಉರುಳೆ ಬರಲ್ಲ. ಬಡಗಿ ಮರದ ಮಾದರಿ ಮಾಡ್ಬೇಕು. ಮರಳಲ್ಲಿ ಅಚ್ಚು ಒತ್ಬೇಕು. ಅಚ್ಚು ಒಣಗ್ಬೇಕು. ಆಮೇಲೆ ತಾನೇ ಎರೆಯೋದು?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಇನ್ನು ಮೇಲೆ ನಾನು ಎಲ್ಲರಿಗೂ ಹೀಗೇ ಹೇಳೋದು" ಎಂದರು. ಹೇಳಿದರು ಕೂಡ. ಅವರ ಕೈಕೆಳಗೆ ಕಲಿತ ಡಾಕ್ಟರುಗಳು ಈಗಲೂ ಆ ಮಾತು ಹೇಳುವುದನ್ನು ಕೇಳಿದ್ದೇನೆ.

"ಹಾಗಾದ್ರೆ ಒಟ್ಟಿಗೆ ನುಂಗೋದು ಬೇಡ ಅಂತೀರಾ?"

"ನುಂಗಿದ್ರೆ ನಿನ್ನ ಎದೆ ತಡೆಯಲ್ಲಯ್ಯ. ಆರಿದ ಕುಲುಮೆಗೆ ಮೊದಲ ದಿನವೇ ಪೂರ್ತಿ ಗಾಳಿ ಬಿಡ್ತೀಯಾ ನೀನು?"

"ಛೇ, ಎಲ್ಲಾದ್ರೂ ಉಂಟೇ? ಒಳಗಿನ ಮಣ್ಣು ಬಿರುಕು ಬಿಡ್ತದೆ." ಹೇಳಿದವನು ತಾನೇ ಶೀಶೆ ಜೇಬಿಗೆ ಹಾಕಿಕೊಂಡ.

ವಿಜ್ಞಾನ ಆಮೇಲೆ ಬಹಳ ದೂರ ಹೋಗಿದೆ. ಗ್ರಂಥಿ ಹೆಚ್ಚಾಗಿ ಬಿಡುವ ಹಾರ್ಮೋನಿನಲ್ಲಿ ನಾಲ್ಕು ಅಯೋಡಿನ್ ಇರುತ್ತದೆ, ಅದರಲ್ಲಿ ಒಂದು ಕಳಚಿದ ಮೇಲೆಯೇ ಅದಕ್ಕೆ ಪೂರ್ತಿ ಬಲ ಬರುವುದು, ಜೀವಕೋಶದ ಕೇಂದ್ರದಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಮೊದಲೇ ಕಾದು ಕೂತಿರುತ್ತವೆ ಎಂದೆಲ್ಲ ಈಗಿನ ಹುಡುಗರು ನನಗೇ ಓದಿ ಹೇಳುತ್ತಾರೆ. ಸಂತೋಷದಿಂದ ಕೇಳುತ್ತೇನೆ. ಆದರೆ ಮರದ ಮಾದರಿ, ಮರಳಿನ ಅಚ್ಚು ಎಂದವನ ಮಾತನ್ನು ಯಾವ ಹೊಸ ಪುಸ್ತಕವೂ ಅಳಿಸಿಲ್ಲ.

ಡಾಕ್ಟರು ಸ್ವಲ್ಪ ಸ್ವಲ್ಪವೇ ಮಾತ್ರೆ ಏರಿಸಿದರು. ಮಾರ್ಗಶಿರದ ಚಳಿ ಹಿಡಿಯುವ ಹೊತ್ತಿಗೆ ಗೆರೆ ತಲೆ ಎತ್ತಿತು. ಮೊದಲು ಮುಖದ ಊತ ಇಳಿಯಿತು, ಕಣ್ಣು ಪೂರ್ತಿ ತೆರೆಯಿತು. ಒಂದು ದಿನ ಗೌರಮ್ಮ ಒಬ್ಬಳೇ ಓಡೋಡಿ ಬಂದಳು. ಏನಾಯಿತೋ ಎಂದು ನಾನು ಎದ್ದು ನಿಂತೆ.

"ಬಸಣ್ಣ, ಇವತ್ತು ನಮ್ಮೋರು ನನ್ನ ಹತ್ರ ಜಗಳ ಆಡಿದ್ರು!" ಮುಖದ ತುಂಬ ನಗು. "ಸಾರಿಗೆ ಉಪ್ಪು ಜಾಸ್ತಿ ಅಂತ ಗಂಟಲು ಹರಿಯೋ ಹಂಗೆ ಕೂಗಿದ್ರು. ಹಳೇ ಗಂಟಲು ಬಂದದೆ. ಅಷ್ಟು ಹೇಳಿ ಹೋಗಾಣ ಅಂತ ಬಂದೆ."

ಉಪ್ಪು ನಿಜವಾಗಿ ಜಾಸ್ತಿ ಆಗಿತ್ತೇ ಎಂದು ಕೇಳಿದೆ.

"ಬೇಕಂತಲೇ ಹಾಕಿದ್ದೆ. ಮೊದ್ಲೆಲ್ಲ ಹೆಂಗಿದ್ರೂ ಸುಮ್ನೆ ಉಣ್ತಿದ್ರು. ಪರೀಕ್ಷೆ ಮಾಡ್ದೆ."

ಪರೀಕ್ಷೆ ಎಂದರೆ ಅದು. ಅವಳ ಮುಂದೆ ನನ್ನ ಮಿಷನ್ನು ಸಪ್ಪೆ ಎನಿಸಿತು. ಆದರೂ ಒಂದು ಬಾಕಿ ಇತ್ತು. ಹನುಮಂತಪ್ಪ ಇನ್ನೂ ಕಂಬಳಿ ಬಿಟ್ಟಿರಲಿಲ್ಲ, ಇನ್ನೂ ಬೆವರಿರಲಿಲ್ಲ. ಗೇಟಿನ ಕುರ್ಚಿಯಲ್ಲಿ ಕೂತವನು ಬೆವರುವುದಾದರೂ ಎಲ್ಲಿಂದ?

ಉರುಳೆ ಎರೆಯುವ ದಿನ ಬಂತು. ಡಾಕ್ಟರಿಗೆ ರೋಗಿಗಳನ್ನು ಬಿಟ್ಟು ಹೋಗಲಾಗದೆ ನನ್ನನ್ನು ಕಳಿಸಿದರು. ಭದ್ರಾವತಿಯಲ್ಲಿ ಇಳಿದು ಫೌಂಡ್ರಿಗೆ ಹೋದಾಗ ಕುಲುಮೆ ಭೋರ್ಗರೆಯುತ್ತಿತ್ತು. ನಾನು ಕೊನೆಯ ಸಲದ ಗೆರೆಯ ಕಾಗದ ಸಾವ್ಕಾರರಿಗೆ ತೋರಿಸಲು ಹೋದೆ.

"ಕಾಗದ ಒಳಗಿಡು ಮಾರಾಯ. ಇಲ್ಲಿ ಕುಲುಮೆ ಓದೋಣ" ಎಂದರು.

ಹನುಮಂತಪ್ಪ ಬಂದ. ಕಂಬಳಿ ಹೊದ್ದುಕೊಂಡೇ ಬಂದ. "ಕಂಬಳಿ ಮೇಸ್ತ್ರಿ ಬಂದ, ಜಾಗ ಬಿಡ್ರಪ್ಪೋ" ಎಂದು ಕಬ್ಬಿಣದ ರಸ ಹಿಡಿದು ಎರೆಯುವ ದೊಡ್ಡ ಸೌಟು, ಲ್ಯಾಡ್ಲ್ ಹಿಡಿದ ಆಳೊಬ್ಬ ಕಿಚಾಯಿಸಿದ. ಉಳಿದವರು ನಕ್ಕರು. ಹನುಮಂತಪ್ಪ ಕುಲುಮೆಯ ಕಿಂಡಿಯೊಳಗೆ ನೋಡಿದ, ಬೆಂಕಿಯ ಬಣ್ಣ ನೋಡಿದ, "ಇನ್ನೂ ಸ್ವಲ್ಪ ತಡೀರಿ" ಎಂದ. ಗಟ್ಟಿ ಧ್ವನಿ. ನಗುತ್ತಿದ್ದವರು ಲ್ಯಾಡ್ಲ್ ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಕಬ್ಬಿಣದ ಸಲಾಕೆ ಹಿಡಿದು ಕುಲುಮೆಯ ಬಾಯಿ ಚುಚ್ಚಿದ. ರಸ ಬೆಳ್ಳಗೆ ಹಾರಿ ಲ್ಯಾಡ್ಲಿಗೆ ಬಿತ್ತು. ಕಿಡಿ ಸಿಡಿದು ನಾವೆಲ್ಲ ಹಿಂದೆ ಸರಿದೆವು. ಅವನು ಸರಿಯಲಿಲ್ಲ. ಲ್ಯಾಡ್ಲ್ ತುಂಬುತ್ತಾ ಬಂತು. ಹಿಂದಿನ ಸಲ ಅವನು ಉಂಡೆ ಹಿಡಿದು ಮರಗಟ್ಟಿ ನಿಂತದ್ದು ಇದೇ ಹೊತ್ತಿನಲ್ಲಿ. ಸಾವ್ಕಾರರು ಪಂಚೆಯ ತುದಿ ಹಿಡಿದುಕೊಂಡು ಮುಂದೆ ಬಾಗಿದರು.

ಪಟ್ಟೆಂದು ಮಣ್ಣಿನ ಉಂಡೆ ಕುಲುಮೆಯ ಬಾಯಿಗೆ ಬಿತ್ತು. ಒಂದು ಹನಿ ಹೊರಗೆ ಚೆಲ್ಲಲಿಲ್ಲ.

ಇನ್ನೊಂದು ಲ್ಯಾಡ್ಲ್, ಮತ್ತೊಂದು. ಅಷ್ಟರಲ್ಲಿ ಅವನ ಕಂಬಳಿ ಹೆಗಲಿನಿಂದ ಜಾರಿತು. ಎತ್ತಿಕೊಳ್ಳುವನೇನೋ ಎಂದು ನೋಡಿದೆ. ಅವನು ಅದನ್ನು ಕಾಲಿನಿಂದ ಪಕ್ಕಕ್ಕೆ ಒದ್ದ. "ಹೂಂ, ನಡೀರಿ, ಆರೋದ್ರೊಳಗೆ ಎರೀರಿ! ಏನು ನೋಡ್ತೀಯೋ, ಲ್ಯಾಡ್ಲ್ ಬಾಗಿಸು!" ಎಂದು ಕಿಚಾಯಿಸಿದ ಆಳನ್ನೇ ಗದರಿದ. ಅಚ್ಚು ತುಂಬಿ ರಸ ಮೇಲಿನ ಕಿಂಡಿಯಲ್ಲಿ ಇಣುಕಿದಾಗ ಎಲ್ಲರೂ ಹೋ ಎಂದರು.

ಹನುಮಂತಪ್ಪ ನಮ್ಮ ಕಡೆ ತಿರುಗಿದ. ಅಂಗಿಯ ಬೆನ್ನು ಕಪ್ಪಗೆ ಒದ್ದೆ. ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿಗೆ ನೀರು ಇಳಿಯುತ್ತಿತ್ತು. ಅದು ಏನೆಂದು ಅವನಿಗೇ ಗೊತ್ತಾಗದೆ ಕೈಯಿಂದ ಮುಟ್ಟಿ ನೋಡಿಕೊಂಡ. ಬೆರಳನ್ನು ನಾಲಿಗೆಗೆ ಇಟ್ಟುಕೊಂಡ.

"ಬಸಣ್ಣ, ಉಪ್ಪು!" ಎಂದು ಕೂಗಿದ.

ಸಾವ್ಕಾರರು ತಮ್ಮ ಹೆಗಲ ಮೇಲಿನ ಟವೆಲನ್ನೇ ತೆಗೆದು ಚಾಚಿದರು. "ಒರೆಸ್ಕೋ ಮೇಸ್ತ್ರಿ. ಕಣ್ಣಿಗೆ ಇಳೀತಿದೆ."

"ಇರ್ಲಿ ಬಿಡಿ ಸಾವ್ಕಾರ್ರೇ. ಇಳೀಲಿ" ಎಂದ ಹನುಮಂತಪ್ಪ. "ಮೊದಲು ನೀವು ಸರಿಯಾಗಿ ನೋಡಿಕೊಳ್ಳಿ."

ಸಾವ್ಕಾರರು ಹೊಟ್ಟೆ ಕುಲುಕುವ ಹಾಗೆ ನಕ್ಕು, ಆ ಟವೆಲಿನಿಂದ ತಾವೇ ಅವನ ಮುಖ ಒರೆಸಿದರು.

ನಾನು ಶಿವಮೊಗ್ಗಕ್ಕೆ ಮರಳಿದಾಗ ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. "ಏನು ಬಂತು ಬಸವರಾಜು, ಅಳತೆ?"

ನಾನು ಚೀಲದಿಂದ ಹನುಮಂತಪ್ಪನ ಅಂಗಿ ತೆಗೆದೆ. ತೋರಿಸಲಿಕ್ಕೆಂದು ಅವನೇ ಕಳಚಿ ಕೊಟ್ಟಿದ್ದ. ಅವರ ಎದುರಿಗೆ ಎರಡು ಕೈಯಲ್ಲಿ ಹಿಡಿದು ಹಿಂಡಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಹನಿ ಹನಿ ಬಿತ್ತು.

"ಇಷ್ಟು ಸಾರ್" ಎಂದೆ.